ಕತ್ತಲಕೋಣೆಯ ಸಾಕ್ಷಿಗಳು

ಭಾರತದಲ್ಲಿ 1913ರಿಂದ 1934ರವರೆಗೆ ತಯಾರಾದ ಮೂಕಿಚಿತ್ರಗಳ ಸಂಖ್ಯೆ 1300ರ ಆಸುಪಾಸಿನದು ಎಂದು ಚಲನಚಿತ್ರ ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಅವುಗಳಲ್ಲಿ ಇಡಿಯಾಗಿಯೋ ತುಣುಕುಗಳಾಗಿಯೋ ಉಳಿದು ಬಂದವು ತೀರ ಕೆಲವು. ನೈಟ್ರೇಟ್ ಫಿಲ್ಮು ಬೇಗ ಹೊತ್ತಿಕೊಳ್ಳುವ ವಸ್ತು. ಹೊತ್ತಿಕೊಳ್ಳದೆ ಉಳಿದದ್ದೂ ಕಾಲಾಂತರದಲ್ಲಿ ಅಂಟಾಗಿ, ಪುಡಿಯಾಗಿ ಹೋಗುತ್ತದೆ. ಹೀಗೆ ಕೃತಿಯೇ ಇಲ್ಲವಾದ ಕಡೆ ಅದನ್ನು ಮಾಡಿದವರ ಮಾತು ಕೃತಿಯ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. ಕನ್ನಡ ಸಾಹಿತ್ಯದ ಅಭ್ಯಾಸಿಗೆ ಈ ಸನ್ನಿವೇಶ ಅಪರಿಚಿತವೇನಲ್ಲ. ‘ಕವಿರಾಜಮಾರ್ಗ’ವು ಹೆಸರಿಸುವ ವಿಮಳೋದಯ, ನಾಗಾರ್ಜುನ ಮೊದಲಾದವರ ಗದ್ಯವನ್ನು ಓದಿದವರು ಇಂದು ಯಾರೂ ಇಲ್ಲ, ಆದರೂ ಅವರು ಚರಿತ್ರೆಯಲ್ಲಿ ಇದ್ದಾರೆ.

ಮೂಕಿಯುಗದ ಪ್ರತ್ಯಕ್ಷ ಕಥನಗಳಲ್ಲಿ ಮೊದಲು ನಿಲ್ಲುವುದು ಧುಂಡಿರಾಜ ಗೋವಿಂದ ಫಾಳ್ಕೆಯವರದು. 1917-18ರಲ್ಲಿ ‘ನವಯುಗ’ ಎಂಬ ಮರಾಠಿ ಮಾಸಪತ್ರಿಕೆಯಲ್ಲಿ ಭಾರತೀಯ ಚಿತ್ರಪಟವನ್ನು ಕುರಿತು ಅವರು ಬರೆದ ಲೇಖನಗಳು ಒಂದು ಬಗೆಯ ಆತ್ಮಕಥೆಯೇ ಆಗಿವೆ. ಮುಂಬಯಿಯಲ್ಲಿ ಕ್ರಿಸ್ತನ ಜೀವನದ ಚಿತ್ರವನ್ನು ನೋಡುತ್ತಿದ್ದಾಗ ಮನಸ್ಸಿನ ಕಣ್ಣಿಗೆ ಕೃಷ್ಣನೂ ರಾಮನೂ, ಗೋಕುಲವೂ ಅಯೋಧ್ಯೆಯೂ ಹಾದುಹೋದವೆಂದು ಅವರು ಅಲ್ಲಿ ಹೇಳಿಕೊಂಡಿದ್ದಾರೆ. ಈ ಪ್ರಸಂಗ ಎಷ್ಟು ಪ್ರಸಿದ್ಧವಾಗಿದೆಯೆಂದರೆ ಅದನ್ನು ಬಿಟ್ಟು ಭಾರತೀಯ ಚಲನಚಿತ್ರದ ಚರಿತ್ರೆಯನ್ನು ಆರಂಭಿಸುವವರೇ ಇಲ್ಲ. ಬಳಿಕ ವಿಮಾ ಪಾಲಿಸಿಯ ಅಡಮಾನ, 1912ರ ಲಂಡನ್ ಪ್ರಯಾಣ, ವಿಲಿಯಮ್‌ಸನ್ ಕ್ಯಾಮರಾ, ಕುಂಡದಲ್ಲಿ ಮೊಳೆತ ಬಟಾಣಿ ಗಿಡ ಬೆಳೆಯುವುದನ್ನು ಚೌಕಟ್ಟು ಚೌಕಟ್ಟಾಗಿ ಸೆರೆಹಿಡಿದು ಸಾಲ ಕೊಡುವವರಿಗೆ ತೋರಿಸಿದ್ದು, 1913ರ ಮೇ 3ರಂದು ಕಾರೊನೇಷನ್ ಚಿತ್ರಮಂದಿರದಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಕಂಡದ್ದು: ಇವೆಲ್ಲ ಪುರಾಣದ ಕಥೆಯಂತೆ ಕ್ರಮವಾಗಿ ಬರುತ್ತವೆ.

ಆ ಕ್ರಮವೇ ಓದುಗನನ್ನು ಎಚ್ಚರಿಸಬೇಕು. ಲೇಖನಗಳು ಬಂದ ಕಾಲವನ್ನು ಗಮನಿಸಿದರೆ ಅವು ಕೇವಲ ನೆನಪಿಗಾಗಿ ಬರೆದವಲ್ಲವೆಂದು ತಿಳಿಯುತ್ತದೆ. ಅದು ಯುದ್ಧಕಾಲ, ಬಂಡವಾಳಕ್ಕೆ ಬರ. ಸ್ವದೇಶಿ ಉದ್ಯಮವೊಂದಕ್ಕೆ ಹಣ ಹೂಡುವವರನ್ನು ಒಲಿಸಬೇಕಾಗಿತ್ತು. 1918ರಲ್ಲಿ ಹಿಂದೂಸ್ಥಾನ್ ಸಿನಿಮಾ ಫಿಲ್ಮ್ಸ್ ಕಂಪನಿ ಸ್ಥಾಪನೆಯಾದದ್ದನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು. ಹಾಗೆಂದು ಫಾಳ್ಕೆಯವರು ಸುಳ್ಳು ಬರೆದರೆಂದಲ್ಲ. ತ್ಯಾಗದ ಕಥೆಗೆ ಒಬ್ಬನೇ ನಾಯಕನಿದ್ದರೆ ಅದು ಬೇಗ ಮನಸ್ಸಿಗೆ ನಾಟುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು, ಅಷ್ಟೆ. ಮುಂದೆ ಟಿ. ರಂಗಾಚಾರಿಯಾರ್ ಅಧ್ಯಕ್ಷತೆಯ ಸಮಿತಿಯ (1927-28) ಎದುರು ಸಾಕ್ಷ್ಯ ನುಡಿದಾಗ ಅವರ ಮಾತಿನ ಸಂದರ್ಭವೇ ಬೇರೆ: ಇಲ್ಲಿ ಪ್ರಶ್ನೆ ಕೇಳುವವರು ಇನ್ನೊಬ್ಬರು, ಉತ್ತರ ಕಡತಕ್ಕೆ ಸೇರುವಂಥದು. ಒಬ್ಬನೇ ವ್ಯಕ್ತಿಯ ಎರಡು ಪ್ರತ್ಯಕ್ಷ ಹೇಳಿಕೆಗಳನ್ನು ಎರಡು ಪಾಠಗಳಂತೆ ಎದುರುಬದುರಾಗಿಟ್ಟು ಓದುವುದು ಉಚಿತ. ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರದಲ್ಲಿ ಉಳಿದ ‘ಹರಿಶ್ಚಂದ್ರ’ದ ಸುರುಳಿಗಳು 1913ರವೋ, 1917ರಲ್ಲಿ ಮತ್ತೆ ತೆಗೆದವೋ ಎಂಬ ವಿವಾದವೂ ಇರುವುದರಿಂದ, ಪಾಠಪರಿಷ್ಕರಣದ ಈ ಹೋಲಿಕೆ ಬರಿಯ ಅಲಂಕಾರವಲ್ಲ.

ಅಂದು ತರಿಸುತ್ತಿದ್ದ ಕಚ್ಚಾ ಫಿಲ್ಮಿನ ಅಂಚಿಗೆ ರಂಧ್ರಗಳು ಇರುತ್ತಿರಲಿಲ್ಲ. ಯಂತ್ರದ ಹಲ್ಲು ಹಿಡಿದೆಳೆಯಬೇಕಾದರೆ ಇಡೀ ಸುರುಳಿಗೆ ಎರಡೂ ಅಂಚಿನಲ್ಲಿ ಸಮ ಅಂತರದ ತೂತುಗಳನ್ನು ಮೊದಲೇ ಕೊರೆಯಬೇಕು. ಅದೂ ಕತ್ತಲಲ್ಲಿ, ಏಕೆಂದರೆ ಬೆಳಕು ಸೋಕಿದರೆ ಫಿಲ್ಮು ಕೆಟ್ಟಿತು. ‘ಹರಿಶ್ಚಂದ್ರ’ದ ಉದ್ದ ಸುಮಾರು 3700 ಅಡಿ. ಈ ಕೆಲಸವನ್ನು ದಾದರಿನ ಮನೆಯಲ್ಲಿ ಮಾಡಿದವರು ಫಾಳ್ಕೆಯವರ ಪತ್ನಿ ಸರಸ್ವತೀಬಾಯಿ. ಒಡವೆಗಳನ್ನು ಕೊಟ್ಟವರೂ, ರಾಸಾಯನಿಕಗಳನ್ನು ಬೆರೆಸಿದವರೂ, ಬಿಸಿಲನ್ನು ನಟರ ಮುಖಕ್ಕೆ ತಿರುಗಿಸಲು ಬಿಳಿಯ ಬಟ್ಟೆ ಹಿಡಿದು ನಿಂತವರೂ, ಇಡೀ ತಂಡಕ್ಕೆ ಅಡುಗೆ ಮಾಡಿ ಬಡಿಸಿದವರೂ ಅವರೇ. ತೆರೆಯ ಮೇಲೆ ತಾರಾಮತಿಯಾದದ್ದು ಉಪಾಹಾರಗೃಹದಲ್ಲಿ ಕೆಲಸ ಮಾಡುತ್ತಿದ್ದ ಸಾಳುಂಕೆ ಎಂಬ ಗಂಡಸು. ತೆರೆಯ ಹಿಂದೆ ಚಿತ್ರಕ್ಕೆ ಕೈಯಾದದ್ದು ಮನೆಯ ಹೆಂಗಸು. ಚಲನಚಿತ್ರ ಪ್ರಯೋಗಶಾಲೆಯ ಚರಿತ್ರೆ ಭಾರತದಲ್ಲಿ ಅಡುಗೆಮನೆಯ ಪಕ್ಕದಲ್ಲಿಯೇ ಆರಂಭವಾಯಿತೆಂದರೆ ಅತಿಶಯೋಕ್ತಿಯಾಗದು.

‘ಮೋಹಿನಿ ಭಸ್ಮಾಸುರ’ದಲ್ಲಿ (1913) ತಾಯಿ ದುರ್ಗಾಬಾಯಿ ಕಾಮತರೊಡನೆ ಅಭಿನಯಿಸಿದ ಕಮಲಾಬಾಯಿ ಗೋಖಲೆಯವರು ದೀರ್ಘಕಾಲ ಬದುಕಿದ್ದುದರಿಂದ, 1990ರ ದಶಕದ ಆರಂಭದಲ್ಲಿ ರೀನಾ ಮೋಹನ್ ಅವರ ಸಾಕ್ಷ್ಯಚಿತ್ರದಲ್ಲಿ ತಮ್ಮ ಕಥೆಯನ್ನು ತಾವೇ ಹೇಳುವಂತಾಯಿತು. ಮೂಕಿಯ ಮೊದಲ ನಟಿಯರಲ್ಲೊಬ್ಬರ ಧ್ವನಿ ಕೇಳಿಸಲು ಸುಮಾರು ಎಂಬತ್ತು ವರ್ಷ ಹಿಡಿಯಿತು!

ಕರ್ನಾಟಕದ ಸಂಬಂಧ ಇನ್ನೂ ತೆಳುವಾದ ಎಳೆಯದು. ದಕ್ಷಿಣದ ಮೊದಲ ಕಥಾಚಿತ್ರವೆನ್ನಲಾದ ‘ಕೀಚಕ ವಧಂ’ ಅನ್ನು 1910ರ ದಶಕದ ಕೊನೆಯ ವರ್ಷಗಳಲ್ಲಿ ತಯಾರಿಸಿದ ಆರ್. ನಟರಾಜ ಮುದಲಿಯಾರರು ಮೋಟಾರು ಬಿಡಿಭಾಗಗಳ ವ್ಯಾಪಾರದಿಂದ ಚಿತ್ರಕಲೆಗೆ ಬಂದವರು. ಅವರ ಚಿತ್ರೀಕರಣ ನಡೆದದ್ದು ಮದರಾಸಿನಲ್ಲಿ. ಆದರೆ ಅಲ್ಲಿನ ಸೆಕೆ ಫಿಲ್ಮಿಗೆ ಒಗ್ಗದೆಂದು ಅವರು ಸಂಸ್ಕರಣದ ಏರ್ಪಾಡನ್ನು ಬೆಂಗಳೂರಿನಲ್ಲಿ ಮಾಡಿಕೊಂಡರು. ದ್ರಾವಣದ ಬಿಸಿ ಏರಿದರೆ ಫಿಲ್ಮಿನ ಮೇಲಿನ ಜಿಲೆಟಿನ್ ಲೇಪ ಮೆತ್ತಗಾಗಿ ಜಾರುತ್ತದೆ. ತಣ್ಣೀರು ಸುಲಭವಾಗಿ ಸಿಗುವ ಊರು ಬೇಕಿತ್ತು. ವಾರದ ಕೊನೆಗೆ ಅವರು ಬೆಂಗಳೂರಿಗೆ ಬಂದು, ಸಹಾಯಕ ನಾರಾಯಣಸ್ವಾಮಿ ಆಚಾರಿಯವರೊಡನೆ ಕೂಡಿ ಫಿಲ್ಮು ತೊಳೆಯುತ್ತಿದ್ದರು. ದ್ರೌಪದಿಯೂ ಕೀಚಕನೂ ಮೊದಲು ಮೂಡಿದ್ದು ಬೆಂಗಳೂರಿನ ಆ ನೀರಿನಲ್ಲಿಯೇ. ಆ ಚಿತ್ರಗಳಲ್ಲಿ ಒಂದೂ ಉಳಿದಿಲ್ಲ. ಕನ್ನಡ ಚಿತ್ರರಂಗದ ಚರಿತ್ರೆಗಳು ಸಾಮಾನ್ಯವಾಗಿ 1934ರ ‘ಸತಿ ಸುಲೋಚನ’ದಿಂದ ಎಣಿಕೆ ಆರಂಭಿಸುತ್ತವೆ, ಆಚಾರಿಯವರ ಕೆಲಸ ಅದಕ್ಕೂ ಒಂದೂವರೆ ದಶಕ ಹಿಂದಿನದು.