ಒಡೆಯರ ಪಾಲು

ಸುವರ್ಣ ಮಹೋತ್ಸವ ಸಮಿತಿಯ ಮಿತ್ರರು ಈ ಸಂಚಿಕೆಗೆ ಹಳೆಯ ನೆನಪುಗಳ ಬಗ್ಗೆ ಒಂದು ಲೇಖನ ಬೇಕೆಂದು ಕೇಳಿದರು. ಶಾಲೆಯ ಕಟ್ಟಡ, ಹಾಜರಿ, ಫಲಿತಾಂಶ ಇತ್ಯಾದಿಗಳನ್ನು ಬೇರೆಯವರು ಬರೆಯುತ್ತಾರೆ, ನನಗಿಂತ ಚೆನ್ನಾಗಿಯೇ ಬರೆಯುತ್ತಾರೆ. ನಾನು ಪಾಠ ಹೇಳಿದ ಮಕ್ಕಳಲ್ಲಿ ಅನೇಕರ ಅಜ್ಜಂದಿರು ನನ್ನ ತಂದೆಯವರೊಡನೆ ಬೇಗೂರಿನ ಸುತ್ತಮುತ್ತ ಹಂದಿಬೇಟೆಗೆ ಹೋಗುತ್ತಿದ್ದವರು. ಅವರು ನೆಲದ ಒಡೆಯರಲ್ಲಿ ಅಪ್ಪಣೆ ಬೇಡುತ್ತಿದ್ದ ಬಗೆಯನ್ನೂ ಅದಕ್ಕೆ ಕೃತಜ್ಞತೆ ಸಲ್ಲಿಸುತ್ತಿದ್ದ ಬಗೆಯನ್ನೂ ಬರೆದಿಡುವವರು ಇನ್ನು ಹೆಚ್ಚು ಮಂದಿ ಉಳಿದಿಲ್ಲವಾದ್ದರಿಂದ ಆ ಕೆಲಸವನ್ನು ನಾನು ಕೈಗೆತ್ತಿಕೊಂಡಿದ್ದೇನೆ. ಬೇಟೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ನಾನು ಹುಟ್ಟಿದಾಗ ನಮ್ಮ ಊರು ಮದ್ರಾಸ್ ರಾಜ್ಯದ ಮಲಬಾರ್ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1980ರ ನವೆಂಬರ್ 1ರಂದು ವಯನಾಡು ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತ ಹೀಗೆ ಬದಲಾದರೂ ಕಾಡಿನ ಅಂಚಿನ ಗದ್ದೆಬಯಲು, ಬಯಲಿಗೆ ಇಳಿಯುವ ಹಂದಿ, ಹಂದಿಯನ್ನು ಕಾಯುವ ಅಟ್ಟಣೆ ಇವು ಬದಲಾಗಲಿಲ್ಲ. ಭತ್ತ ಹಾಲುಗಟ್ಟುವ ಕಾಲಕ್ಕೆ ಒಂದು ಹಿಂಡು ಒಂದೇ ರಾತ್ರಿ ಗದ್ದೆಗೆ ನುಗ್ಗಿತೆಂದರೆ ಆ ಮನೆಯ ಆರು ತಿಂಗಳ ಊಟ ಮಣ್ಣುಪಾಲು. ಬೇಟೆ ನಮಗೆ ವಿನೋದವಾಗಿರಲಿಲ್ಲವೆಂದು ಹೇಳಲು ಇಷ್ಟು ಸಾಕು. ಸ್ವಲ್ಪಮಟ್ಟಿಗೆ ವಿನೋದವೂ ಆಗಿತ್ತೆಂಬುದನ್ನು ನಾನು ಮುಚ್ಚಿಡುವುದಿಲ್ಲ.

ಹಂದಿ ಮೇಯುವುದು ಒಬ್ಬರ ಗದ್ದೆಯಲ್ಲಿ, ಹಗಲು ಮಲಗುವುದು ಇನ್ನೊಬ್ಬರ ನೆಲದಲ್ಲಿ. ಸರಕಾರದ ಮೀಸಲು ಕಾಡಿಗೆ ನಾವು ಹೋಗುವಂತಿರಲಿಲ್ಲ. ಉಳಿದದ್ದು ಜನ್ಮಿಗಳ ಖಾಸಗಿ ಕಾಡು, ಕಾಫಿತೋಟಗಳ ಅಂಚು, ಬಿದಿರುಮೆಳೆ. ಅಲ್ಲಿ ಹಳು ಸೋಯಬೇಕಾದರೆ ಒಡೆಯರ ಅಪ್ಪಣೆ ಬೇಕು. ನನ್ನ ತಂದೆಯವರು ಪ್ರತಿ ವರ್ಷವೂ ತೆನೆ ಬಾಗುವ ಮೊದಲು ಒಡೆಯರ ಮನೆಗೆ ಹೋಗಿ, ಜಗಲಿಯ ಕೆಳಗೆ ನಿಂತು, ವೀಳ್ಯದೆಲೆ ಅಡಿಕೆ ಇಟ್ಟು ಕೇಳುತ್ತಿದ್ದರು. ಹೋದ ವರ್ಷ ಕೊಟ್ಟ ಅಪ್ಪಣೆ ಹೋದ ವರ್ಷದ್ದು ಎಂಬುದು ಅವರ ಲೆಕ್ಕ. ಯಾವ ದಿನ ತೋಟದಲ್ಲಿ ಕಾಫಿ ಕುಯ್ಯುವ ಹೆಂಗಸರು ಇರುತ್ತಾರೆ, ದನಗಳು ಯಾವ ಮಗ್ಗುಲಿಗೆ ಮೇಯುತ್ತವೆ, ಯಾವ ದೇವರ ಬನದ ಹತ್ತಿರ ಈಡು ಹಾರಿಸಬಾರದು ಇವೆಲ್ಲ ಅಲ್ಲಿಯೇ ಇತ್ಯರ್ಥವಾಗುತ್ತಿದ್ದವು. ಬೇಟೆಗೆ ಬರುವವರು ಯಾರು ಯಾರೆಂದು ಹೆಸರು ಹೇಳಬೇಕಾಗಿತ್ತು. ಹೇಳದ ಒಬ್ಬ ನೆಂಟನನ್ನು ಕೂಡ ಅವರು ಕರೆದುಕೊಂಡು ಹೋದದ್ದಿಲ್ಲ.

ಹಂದಿ ಬಿದ್ದ ಮೇಲೆ ಪಾಲು. ಈಡು ಹೊಡೆದವನಿಗೆ ತಲೆ, ಕೋವಿಗೆ ಒಂದು ಪಾಲು, ನಾಯಿಗಳಿಗೆ ಒಂದು, ಹಳು ಸೋಯ್ದವರಿಗೆ ಒಂದು. ಇವೆಲ್ಲಕ್ಕೂ ಮೊದಲು ಒಂದು ಹಿಂದೊಡೆಯನ್ನು ಕೊಯ್ದು ಬಾಳೆ ಎಲೆಯಲ್ಲಿ ಸುತ್ತಿ ಪಕ್ಕಕ್ಕೆ ಇಡುತ್ತಿದ್ದರು. ಅದು ಒಡೆಯರ ಪಾಲು. ಅದು ಅವರ ಮನೆ ತಲುಪುವವರೆಗೆ ನಮ್ಮ ಮನೆಯಲ್ಲಿ ಮಾಂಸದ ಗಡಿಗೆ ಒಲೆ ಏರುತ್ತಿರಲಿಲ್ಲ. ಹೊತ್ತುಕೊಂಡು ಹೋಗುವ ಕೆಲಸ ಬಹಳ ಸಲ ನನ್ನದು. ಆ ಮನೆಯ ಅಮ್ಮನವರು ಕುಕ್ಕೆಯನ್ನು ಬರಿದಾಗಿ ಹಿಂದಿರುಗಿಸುತ್ತಿರಲಿಲ್ಲ. ಉಪ್ಪೋ, ತೆಂಗಿನಕಾಯಿಯೋ, ಒಂದು ಹಿಡಿ ಕಾಫಿಬೀಜವೋ ಅದರಲ್ಲಿ ಇರುತ್ತಿತ್ತು. ಮರುದಿನ ತಂದೆಯವರು ಚಿಕ್ಕಪ್ಪನೊಡನೆ ಹೋಗಿ ನಾಯಿಗಳು ನುಗ್ಗಿ ಮುರಿದ ಬೇಲಿಯನ್ನು ಕಟ್ಟಿ, ಕುಸಿದ ಬದುವಿಗೆ ಮಣ್ಣು ಹಾಕಿ ಬರುತ್ತಿದ್ದರು. ನನ್ನ ದೃಷ್ಟಿಯಲ್ಲಿ ಮಾಂಸಕ್ಕಿಂತ ದೊಡ್ಡ ಕೃತಜ್ಞತೆ ಆ ಬೇಲಿ ಕಟ್ಟುವುದೇ ಆಗಿತ್ತು. ಗಾಯಗೊಂಡ ಹಂದಿ ತಪ್ಪಿಸಿಕೊಂಡರೆ ಅದನ್ನೂ ಆ ಸಂಜೆಯೇ ಒಡೆಯರಿಗೆ ತಿಳಿಸಬೇಕು. ತೋಟದ ಆಳುಗಳ ಪ್ರಾಣದ ಪ್ರಶ್ನೆಯಲ್ಲವೆ?

ಇದು ಕೃತಜ್ಞತೆಯೋ ಕಪ್ಪವೋ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾವು ಗೇಣಿದಾರರು, ಒಡೆಯರ ಮಾತು ತಪ್ಪಿದರೆ ಗದ್ದೆಯೇ ತಪ್ಪುವ ಕಾಲ ಅದು. ಭಯದಿಂದ ಕೊಟ್ಟದ್ದನ್ನು ಕೃತಜ್ಞತೆ ಎನ್ನಲಾಗದು. ಆದರೆ 1970ರ ಜನವರಿ 1ರಂದು ಕೇರಳದ ಭೂಸುಧಾರಣೆ ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾಯಿತು. ಉಳುತ್ತಿದ್ದ ಗದ್ದೆ ನಮ್ಮದಾಯಿತು. ಆ ವರ್ಷದ ಸುಗ್ಗಿಗೆ ಮುಂಚೆ ಬಿದ್ದ ಹಂದಿಯ ತೊಡೆಯನ್ನೂ ತಂದೆಯವರು ಎಂದಿನಂತೆ ಬಾಳೆ ಎಲೆಯಲ್ಲಿ ಸುತ್ತಿದರು. ನೆರೆಯವರೊಬ್ಬರು, "ಇನ್ನೂ ಏಕೆ ಕೊಡುತ್ತೀರಿ? ಈಗ ಅವರು ನಮಗೇನು?" ಎಂದರು. "ಗೇಣಿ ಹೋಯಿತು. ನಾವು ನಡೆದ ದಾರಿ ಅವರದೇ ಅಲ್ಲವೆ?" ಎಂದಷ್ಟೇ ತಂದೆಯವರು ಹೇಳಿ ಕುಕ್ಕೆಯನ್ನು ನನ್ನ ತಲೆಯ ಮೇಲಿಟ್ಟರು. ಅಂದು ಜಗಲಿಯ ಕೆಳಗೆ ನಿಂತಿದ್ದ ನನ್ನನ್ನು ಅಮ್ಮನವರು ಮೇಲಕ್ಕೆ ಕರೆದು ಕೂರಿಸಿದರು. ಅದು ಮೊದಲ ಸಲ. ಮರುವರ್ಷ, 1971ರ ಮೇ 10ರಿಂದ, ಖಾಸಗಿ ಕಾಡುಗಳು ಸರಕಾರದ ವಶವಾದವು. ಅಪ್ಪಣೆ ಕೊಡುವ ಹಕ್ಕೇ ಆ ಮನೆಯವರಿಗೆ ಇಲ್ಲವಾಯಿತು.

ಎಲ್ಲ ಒಡೆಯರೂ ಮಾಂಸ ತಿನ್ನುವವರಾಗಿರಲಿಲ್ಲ. ವಯನಾಡಿನಲ್ಲಿ ಕನ್ನಡ ಮೂಲದ ಜೈನ ಮನೆತನಗಳು ಹಲವು ತಲೆಮಾರುಗಳಿಂದ ನೆಲೆಸಿವೆ ಎಂಬುದು ನಿಮಗೆ ಗೊತ್ತು. ಕಲ್ಪೆಟ್ಟದ ಬಳಿ ಪುಳಿಯಾರ್‌ಮಲೆಯ ಅನಂತನಾಥ ಬಸದಿಯನ್ನು ನೋಡಿದವರೂ ನಿಮ್ಮಲ್ಲಿ ಇರಬಹುದು. ಅಂಥ ಒಬ್ಬ ಗೌಡರ ತೋಟ ನಮ್ಮ ಬಯಲಿಗೆ ತಾಗಿಕೊಂಡಿತ್ತು. ಹಂದಿಗಳು ಹಗಲಿನಲ್ಲಿ ಅಡಗುತ್ತಿದ್ದುದು ಅಲ್ಲಿಯೇ. ತಂದೆಯವರು ಕೇಳಿದಾಗ ಗೌಡರು ಬಹಳ ಹೊತ್ತು ಮಾತಾಡಲಿಲ್ಲವಂತೆ. ಕೊನೆಗೆ, "ಓಡಿಸಿಕೊಂಡು ಹೋಗಿ, ಬೇಡವೆನ್ನುವುದಿಲ್ಲ. ನನ್ನ ಗಡಿಯೊಳಗೆ ರಕ್ತ ಬೀಳಬಾರದು" ಎಂದರು. ಆ ಮಾತಿನಿಂದ ನಮ್ಮ ಬೇಟೆಗೆ ಆದ ತೊಡಕು ಸಣ್ಣದಲ್ಲ. ಹಂದಿ ಕಣ್ಣೆದುರೇ ಹಾದರೂ ಕೋವಿ ಎತ್ತದೆ, ಅದು ಗಡಿಯ ತೋಡನ್ನು ದಾಟುವವರೆಗೆ ಕಾಯಬೇಕು. ದಾಟಿದ ಹಂದಿಗಿಂತ ಹಿಂದಕ್ಕೆ ತಿರುಗಿದ ಹಂದಿಗಳೇ ಹೆಚ್ಚು. ಒಮ್ಮೆ ತೋಡಿನ ಈಚೆ ಹೊಡೆದ ಹಂದಿ ಆಚೆ ಓಡಿ ಗೌಡರ ತೋಟದೊಳಗೆ ಬಿತ್ತು. ತಂದೆಯವರು ಅಲ್ಲಿಯೇ ಕೋವಿಯನ್ನು ಮರಕ್ಕೆ ಒರಗಿಸಿ, ಬರಿಗೈಯಲ್ಲಿ ಮನೆಯವರೆಗೆ ಹೋಗಿ ಸಂಗತಿ ತಿಳಿಸಿದರು. ಗೌಡರು ಬೈಯಲಿಲ್ಲ. ರಕ್ತ ಬಿದ್ದ ಮಣ್ಣನ್ನು ತೆಗೆದು ಹೊರಗೆ ಹಾಕಬೇಕೆಂದು ಮಾತ್ರ ಹೇಳಿದರು. ಹಾಗೆಯೇ ಮಾಡಲಾಯಿತು. ಅವರಿಗೆ ಯಾವ ಪಾಲನ್ನು ಕಳಿಸುವುದು? ಜೈನರು ಜೇನನ್ನೂ ಮುಟ್ಟುವುದಿಲ್ಲ. ತಂದೆಯವರು ಯೋಚಿಸಿ ಯೋಚಿಸಿ, ಆ ವರ್ಷದ ಹೊಸ ಗಂಧಕಸಾಲೆ ಅಕ್ಕಿಯಲ್ಲಿ ಒಂದು ಮೊರ ಕೊಟ್ಟು ಬಂದರು. "ನಿಮ್ಮ ಅಪ್ಪಣೆಯಿಂದ ಉಳಿದ ಭತ್ತ ಇದು" ಎಂದರಂತೆ. ನನಗೆ ಗೊತ್ತಿರುವ ಧನ್ಯವಾದಗಳಲ್ಲಿ ಇಷ್ಟು ಸರಿಯಾಗಿ ಅಳೆದು ಕೊಟ್ಟದ್ದು ಬೇರೊಂದಿಲ್ಲ.

ಈ ಲೆಕ್ಕದಲ್ಲಿ ಒಂದು ದೊಡ್ಡ ಅನ್ಯಾಯವಿತ್ತು. ಮುಳ್ಳುಮೆಳೆಯೊಳಗೆ ನುಗ್ಗಿ ಹಳು ಸೋಯುತ್ತಿದ್ದವರು ಅಡಿಯರು. ಜಾಡು ಹಿಡಿಯುತ್ತಿದ್ದವರು ಕಾಟುನಾಯಕರು, ಅಂದರೆ ನಮ್ಮ ಮಾತಿಗೆ ಹತ್ತಿರದ ಮಾತಾಡುವ ಜೇನುಕುರುಬರು. ಹಂದಿಯ ಕೋರೆಗೆ ಮೊದಲು ಎದುರಾಗುತ್ತಿದ್ದವರು ಅವರೇ. ಅವರ ಪಾಲಿಗೆ ಬರುತ್ತಿದ್ದುದು ಕರುಳು, ಚರ್ಮ, ಎಲುಬು. ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಮುಂಗಡ ಪಡೆದು ವರ್ಷಪೂರ್ತಿ ಒಬ್ಬ ಒಡೆಯನ ಜೀತಕ್ಕೆ ನಿಲ್ಲುತ್ತಿದ್ದ ಅಡಿಯರಿಗೆ, ಬೇಟೆಯ ದಿನ ಬರುವುದಿಲ್ಲವೆನ್ನುವ ಸ್ವಾತಂತ್ರ್ಯ ಎಲ್ಲಿತ್ತು? ಜೀತ ಕಾಯಿದೆಯ ಪ್ರಕಾರ ರದ್ದಾದದ್ದು 1976ರಲ್ಲಿ. ನೆಲ ಕೊಟ್ಟವನಿಗೆ ತೊಡೆ ಕೊಟ್ಟೆವು, ಬೆವರು ಕೊಟ್ಟವನಿಗೆ ಕರುಳು ಕೊಟ್ಟೆವು. ನಮ್ಮ ಹಿರಿಯರ ಸದಾಚಾರವನ್ನು ಮೆಚ್ಚಿ ಬರೆಯುವಾಗ ಇದನ್ನು ಬಿಟ್ಟರೆ ಬರಹ ಸುಳ್ಳಾಗುತ್ತದೆ.

ನಮ್ಮೊಡನೆ ಬರುತ್ತಿದ್ದ ಮುದುಕ ಕಾಟುನಾಯಕರೊಬ್ಬರು ಹಂದಿ ಬಿದ್ದ ಕೂಡಲೇ ಒಂದು ಎಲೆಯ ಮೇಲೆ ಚೂರು ಮಾಂಸವಿಟ್ಟು ಕಾಡಿನ ಕಡೆಗೆ ಮುಖ ಮಾಡಿ ಏನೋ ಹೇಳುತ್ತಿದ್ದರು. ಒಡೆಯರ ಪಾಲಿಗೂ ಮೊದಲಿನ ಪಾಲು ಅದು. "ಯಾರಿಗೆ ಅಜ್ಜಾ?" ಎಂದು ಕೇಳಿದರೆ, "ಒಡೆಯರಿಗಿಂತ ಮುಂಚೆ ಇದ್ದವರಿಗೆ" ಎಂದು ನಕ್ಕರು. ಕುರಿಚ್ಯರಲ್ಲಿ ತುಲಾಮಾಸದ ಹತ್ತನೆಯ ದಿನ, ಅಂದರೆ ಅಕ್ಟೋಬರ್ ಕೊನೆಯ ಹೊತ್ತಿಗೆ, ಬಿಲ್ಲುಬಾಣ ಹಿಡಿದು ಬೇಟೆಗೆ ಹೊರಡುವ ಆಚರಣೆಗೂ ಹೀಗೆಯೇ ದೈವದ ಅಪ್ಪಣೆ ಬೇಕಿತ್ತು. 1802ರಲ್ಲಿ ತಲಕ್ಕಲ್ ಚಂದುವಿನೊಡನೆ ಪನಮರಂ ಕೋಟೆಯನ್ನು ಹಿಡಿದದ್ದು ಇದೇ ಕುರಿಚ್ಯರ ಬಿಲ್ಲು. ಜನ್ಮಿಯ ಕಾಗದಪತ್ರಕ್ಕಿಂತ ಈ ಜನರ ನೆನಪು ಹಳೆಯದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು, ಮರುವರ್ಷ ವಯನಾಡು ಅಭಯಾರಣ್ಯವೂ ಆದ ಮೇಲೆ ಹಂದಿಬೇಟೆ ಅಪರಾಧವಾಯಿತು. ತಂದೆಯವರು ತೋಟೆಕೋವಿಯನ್ನು ಎಣ್ಣೆ ಹಚ್ಚಿ ಅಟ್ಟದ ಮೇಲಿಟ್ಟರು, ಮತ್ತೆ ಇಳಿಸಲಿಲ್ಲ. ಕಾಯಿದೆ ಬೇಕಾಗಿತ್ತು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಹಂದಿಗಳು ಹೆಚ್ಚಿದವು, ಗದ್ದೆಗಳು ಪಾಳು ಬಿದ್ದವು. 2022ರಲ್ಲಿ ಕೇರಳ ಸರಕಾರವು ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಿಸಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತಿನ ಅಧ್ಯಕ್ಷರಿಗೆ ವಹಿಸಿತು. ಪರವಾನಗಿ ಇರುವ ಕೋವಿಯವನೇ ಹೊಡೆಯಬೇಕು. ವಿಷ, ಸಿಡಿಮದ್ದು, ವಿದ್ಯುತ್ ತಂತಿ ಕೂಡದು. ಸತ್ತ ಹಂದಿಯನ್ನು ತಿನ್ನದೆ ಹೂಳಬೇಕು. ಹೀಗಾಗಿ ಕೊಡುವುದಕ್ಕೆ ಪಾಲೇ ಇಲ್ಲ. ಮೇಲಾಗಿ ವ್ಯವಹಾರವೇ ತಿರುಗಿಬಿದ್ದಿದೆ: ಈಗ ನೆಲದ ಒಡೆಯನೇ ಕೋವಿಯವನನ್ನು ಹುಡುಕಿಕೊಂಡು ಹೋಗಿ ಕೈಮುಗಿಯುತ್ತಾನೆ.

ಕಳೆದ ಸುಗ್ಗಿಯ ಮುಂಚೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮರಗೆಣಸಿನ ಹೊಲದಲ್ಲಿ ಹಾಗೆ ಒಂದು ಹಂದಿಯನ್ನು ಹೊಡೆದರು. ನಾನೂ ಕೋಲೂರಿಕೊಂಡು ಹೋಗಿದ್ದೆ. ಆಳುದ್ದದ ಗುಂಡಿ ತೋಡಿ ಹೂಳುವಷ್ಟರಲ್ಲಿ ಬೆಳಗಾಯಿತು. ಗುಂಡಿ ತೋಡಿದವರಲ್ಲಿ ಇಬ್ಬರು ಅಡಿಯ ಹುಡುಗರು; ಒಬ್ಬನು ನಮ್ಮ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವನು. ಹೊಲದೊಡೆಯನ ಹೆಂಡತಿ ಎಲ್ಲರಿಗೂ ಕಾಫಿ ತಂದು, ಮೊದಲ ಲೋಟವನ್ನು ಗುದ್ದಲಿ ಹಿಡಿದಿದ್ದ ಆ ಹುಡುಗನ ಕೈಗೆ ಕೊಟ್ಟಳು. ಕೋವಿಯವನು ಎರಡನೆಯ ಲೋಟ ತೆಗೆದುಕೊಂಡ. ನನಗೆ ಮೂರನೆಯದು ಬಂತು, ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು.