ಕೋಯಂಬೇಡಿನ ಹಳೆಯ ಮನೆ

ಕೋಯಂಬೇಡು ಎಂದೊಡನೆ ಮದರಾಸಿನ ನಮ್ಮವರಿಗೆ ನೆನಪಾಗುವುದು ತರಕಾರಿ, ಹಣ್ಣು, ಹೂವುಗಳ ಸಗಟು ಮಾರುಕಟ್ಟೆ. ಕೊತ್ತವಾಲ್ ಚಾವಡಿಯ ಇಕ್ಕಟ್ಟಿನಿಂದ ಅದು ಇಲ್ಲಿಗೆ ಬಂದದ್ದು 1996ರಲ್ಲಿ. 2002ರಲ್ಲಿ ದೊಡ್ಡ ಬಸ್ ನಿಲ್ದಾಣವೂ 2015ರಲ್ಲಿ ಮೆಟ್ರೋ ರೈಲೂ ಬಂದವು. ಇವೆಲ್ಲಕ್ಕಿಂತ ಬಹಳ ಹಿಂದಿನ ಊರೊಂದು ಇಲ್ಲಿಯೇ ಇದೆ. ಕುರುಂಗಾಲೀಶ್ವರನ ಗುಡಿ, ಸಮೀಪದಲ್ಲೇ ವೈಕುಂಠವಾಸ ಪೆರುಮಾಳ್ ಗುಡಿ, ರಾಮಾಯಣದ ಶಿಲ್ಪಗಳಿರುವ ಹದಿನಾರು ಕಂಬಗಳ ಮಂಟಪ. ಲವಕುಶರು ಶ್ರೀರಾಮನ ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿದ್ದು ಇಲ್ಲೇ ಎಂದು ಸ್ಥಳಪುರಾಣ.

ಈ ಗುಡಿಗೆ ಹತ್ತಿರದ ಬೀದಿಯಲ್ಲಿ ನಮ್ಮ ಮಾವನವರು ಕೊಂಡ ಹಳೆಯ ಮನೆಯಿದೆ. ಮಳೆಗಾಲದಲ್ಲಿ ನಡುಮನೆ ಸೋರತೊಡಗಿದಾಗ ದುರಸ್ತಿಯ ಮಾತು ಬಂತು. ಮಾಳಿಗೆ ಕಿತ್ತು ಕಾಂಕ್ರೀಟ್ ಹಾಕಿಸೋಣವೆಂದು ನಮ್ಮ ಯಜಮಾನರು. ಮಾಡುವುದಾದರೆ ಎಲ್ಲವನ್ನೂ ಹಳೆಯ ಕಾಲದಂತೆಯೇ ಮಾಡಬೇಕು, ಕಾರೈಕುಡಿಯಿಂದ ತೇಗದ ಕಂಬ ತರಿಸಬೇಕು ಎಂದು ಮಗಳು. ಕೈಯಲ್ಲಿದ್ದ ಹಣ ಎರಡಕ್ಕೂ ಸಾಲದು.

ನಮ್ಮ ಮಾಳಿಗೆ ‘ಮದ್ರಾಸ್ ಟೆರೇಸ್’ ಎಂಬ ಬಗೆಯದು. ತೇಗದ ಜಂತೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಜೋಡಿಸಿ, ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಬೆರೆಸಿದ ಸುಣ್ಣವನ್ನು ಹರಡಿ ಬಡಿದು, ಚಪ್ಪಟೆ ಬಿಲ್ಲೆ ಹಾಸುತ್ತಾರೆ. ಹಿರಿಯ ಮೇಸ್ತ್ರಿಯೊಬ್ಬರು ಬಂದು ಒಂದೊಂದೇ ಜಂತೆಯನ್ನು ಬಡಿದು ನೋಡಿದರು. ಕೆಟ್ಟಿದ್ದುದು ಎರಡೇ, ಅದೂ ಗೋಡೆಯೊಳಗೆ ಹುದುಗಿದ್ದ ತುದಿಗಳು. ಹಿಂದೊಮ್ಮೆ ಯಾರೋ ಸೋರಿಕೆಗೆಂದು ಮೆತ್ತಿದ್ದ ಸಿಮೆಂಟು ಬಿರುಕು ಬಿಟ್ಟು, ಒಳಗೆ ಇಳಿದ ನೀರು ಆರಲು ದಾರಿಯಿಲ್ಲದೆ ನಿಂತಿತ್ತು. ಸುಣ್ಣದ ಗೋಡೆ ತೇವವನ್ನು ಹೀರಿದರೂ ಹೊರಗೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ. ಎರಡು ಜಂತೆ ಬದಲಾಯಿಸಿ, ಅಳಲೆಕಾಯಿ, ಬೆಲ್ಲ ನೆನೆಸಿದ ನೀರಿನಲ್ಲಿ ಸುಣ್ಣ ಕಲಸಿ ಗಾರೆ ಮಾಡಿಸಿದೆವು. ಯಜಮಾನರು ಕಾಂಕ್ರೀಟಿನ ಮಾತು ಬಿಟ್ಟರು.

ಇನ್ನು ಕಂಬಗಳು. ಮುಟ್ಟುಕಾಡಿನ ದಕ್ಷಿಣಚಿತ್ರದಲ್ಲೂ ಬೇರೆ ಊರಿನ ಮನೆಗಳನ್ನು ತಂದು ನಿಲ್ಲಿಸಿಲ್ಲವೆ ಎಂದು ಮಗಳು ಕೇಳಿದಳು. ನಿಜವೇ. 1996ರಲ್ಲಿ ತೆರೆದ ಆ ಸಂಗ್ರಹಾಲಯದಲ್ಲಿ ಚೆಟ್ಟಿನಾಡಿನ ಮನೆಯೂ ಇದೆ, ನಮ್ಮ ಇಳಕಲ್ಲಿನ ನೇಕಾರರ ಮನೆಯೂ ಇದೆ. ಅಲ್ಲಿ ನೋಡಸಿಗುವುದು ಒಂದಿಡೀ ಮನೆ, ಅದರ ಬದುಕಿನ ಸಮೇತ. ಅಂಗಡಿಯ ಕಂಬವಾದರೋ ಎಲ್ಲೋ ಒಂದು ಮನೆ ಮುರಿದ ಮೇಲೆ ಬಂದದ್ದು. ನಮ್ಮ ಮನೆಯಲ್ಲಿ ಕಂಬ ಎಂದೂ ಇರಲೇ ಇಲ್ಲ. ಇಲ್ಲದ ಹಳತನ್ನು ಕೊಂಡು ತರುವುದು ಬೇಡವೆನಿಸಿತು. ಮಾವನವರು ಕೆಂಪು ಗಾರೆ ನೆಲದ ಮೇಲೆ ಹಾಕಿಸಿದ್ದ ಮೊಸಾಯಿಕ್ಕನ್ನೂ ಕೀಳಲಿಲ್ಲ. ಅದೂ ಈ ಮನೆಯ ಚರಿತ್ರೆಯೇ.

ಎಲ್ಲರಿಗಿಂತ ಕಡಿಮೆ ಮಾತಾಡಿದವರು ನಮ್ಮ ಅತ್ತೆ. ಅವರು ಕೇಳಿದ್ದು ಒಂದೇ, ಹೊರಗಿನ ಜಗುಲಿ. ಕಳ್ಳರ ಭಯಕ್ಕೆ ಅದಕ್ಕೆ ಕಬ್ಬಿಣದ ಗ್ರಿಲ್ ಹಾಕಿಸಿ, ಸೈಕಲ್ಲು, ಖಾಲಿ ಡಬ್ಬಗಳನ್ನು ತುಂಬಿಟ್ಟಿದ್ದೆವು. “ಜಗುಲಿ ಇದ್ರೆ ಮಾತಾಡ್ಸೋರು ಬರ್ತಾರಮ್ಮ. ಇಲ್ದಿದ್ರೆ ನಾನು ಗೋಡೆ ಜೊತೆ ಮಾತಾಡ್ಬೇಕು” ಎಂದರು. ಆದರೆ ಮತ್ತೆ ಮತ್ತೆ ಟಾರು ಹಾಕಿ ರಸ್ತೆ ಎತ್ತರವಾಗಿ, ಜಗುಲಿ ಬೀದಿಯ ಮಟ್ಟಕ್ಕೆ ಇಳಿದುಹೋಗಿತ್ತು. 2015ರ ಡಿಸೆಂಬರ್ ಮಳೆಯಲ್ಲಿ ನೀರು ಹೊಸಿಲು ದಾಟಿತ್ತು. ಇದ್ದಂತೆಯೇ ಉಳಿಸಿದ್ದರೆ ಕೂರಲು ಬರುತ್ತಿರಲಿಲ್ಲ. ಹಳೆಯ ಕಲ್ಲುಚಪ್ಪಡಿಗಳನ್ನೇ ಎತ್ತಿ, ಕೆಳಗೆ ಒಂದೂವರೆ ಅಡಿ ಹೊಸ ಕಟ್ಟಡ ಕಟ್ಟಿಸಿ, ಮತ್ತೆ ಹಾಸಿಸಿದೆವು. ಅತ್ತೆಗೆ ಹಿಡಿದು ಹತ್ತಲು ಕಂಬಿಯನ್ನೂ ಹಾಕಿಸಿದ್ದಾಯಿತು. ಕಾರೈಕುಡಿಯ ಕಂಬಗಳಿಗೆಂದು ಎಣಿಸಿದ್ದ ಹಣ ಇಲ್ಲಿಗೆ ಬಂತು.

ಹಳೆಯ ಮನೆಯುಳ್ಳ ನಮ್ಮ ಸಂಘದ ಬಂಧುಗಳಿಗೆ ನನ್ನದೊಂದು ವಿನಂತಿ. ಕೆಡವುವ ಮುನ್ನ ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯೊಬ್ಬರನ್ನು ಕರೆಸಿ ತೋರಿಸಿ. ಮನೆಯ ಹಿರಿಯರನ್ನೂ ಒಂದು ಮಾತು ಕೇಳಿ. ಈಗ ಸಂಜೆ ಐದಾದರೆ ನಮ್ಮತ್ತೆ ಜಗುಲಿಯಲ್ಲಿರುತ್ತಾರೆ. ಮಾರುಕಟ್ಟೆಯಿಂದ ಮರಳುವ ಹೂವಿನಾಕೆ ಬುಟ್ಟಿ ಇಳಿಸಿ, ನೀರು ಕುಡಿದು, ಎರಡು ಮಾತಾಡಿಯೇ ಮುಂದೆ ಹೋಗುತ್ತಾಳೆ.