2 ನಿಮಿಷ 4 ಸೆಕೆಂಡ್

ಹಾಸ್ಟೆಲ್ ಡೇ ರಾತ್ರಿ ಡಿಜೆ ಕನ್ಸೋಲ್ ನಮ್ಮ ಕೈಗೆ ಸಿಕ್ಕಿದ್ದು ಬರೀ 20 ನಿಮಿಷ. ನಾವಿಬ್ಬರು, ಒಬ್ಬ ಕಾರವಾರದವ, ಒಬ್ಬ ಅಂಕೋಲೆಯವ, ಆ 20 ನಿಮಿಷಕ್ಕೋಸ್ಕರ ಒಂದು ತಿಂಗಳು ಸೀನಿಯರ್‌ಗಳ ಹಿಂದೆ ಸುತ್ತಿದ್ವಿ. ಅಂಕೋಲೆಯಲ್ಲಿರೋ ನಮ್ಮ ಗೆಳೆಯನ ಟ್ರ್ಯಾಕನ್ನ ಮೊದಲ ಸಲ ದೊಡ್ಡ ಸ್ಪೀಕರ್‌ನಲ್ಲಿ ಹಾಕ್ತೀವಿ ಅಂತ ಅವನಿಗೆ ಮಾತು ಕೊಟ್ಟಿದ್ವಿ.

ಅವನು ಹಗಲು ಮಾವನ ಅಂಗಡಿಯಲ್ಲಿ ಕೂರ್ತಾನೆ. ರಾತ್ರಿ ಹಳೇ ಲ್ಯಾಪ್‌ಟಾಪ್‌ನಲ್ಲಿ ಹೌಸ್, ಟೆಕ್ನೋ ಮಾಡ್ತಾನೆ. ನಮ್ಮ ಕಡೆ ಈ ಸಂಗೀತ ಹೊಸದೇನಲ್ಲ. ಕಾರವಾರ ದಾಟಿ ಮಾಜಾಳಿ ಗಡಿ ಕಳೆದರೆ ಗೋವಾ. ಪಾಲೋಲೆಂನಲ್ಲಿ ಜನ ಹೆಡ್‌ಫೋನ್ ಹಾಕ್ಕೊಂಡು ಕುಣಿಯೋ ಪಾರ್ಟಿಗಳು ಎಷ್ಟೋ ವರ್ಷದಿಂದ ನಡೀತಿವೆ. ಈ ಕಡೆ ಗೋಕರ್ಣ. ಎರಡರ ನಡುವೆ ಇರೋ ನಮ್ಮೂರಿನ ಹುಡುಗ ಒಂದು ಟ್ರ್ಯಾಕ್ ಮಾಡಿದರೆ ಮಾತ್ರ ಕೇಳೋರಿಲ್ಲ.

ಅವನ ಟ್ರ್ಯಾಕ್‌ನಲ್ಲಿ ಗುಮಟೆ ಇದೆ. ಹಾಲಕ್ಕಿಗಳು ಸುಗ್ಗಿ ಸಮಯದಲ್ಲಿ ಬಾರಿಸೋ ಮಣ್ಣಿನ ವಾದ್ಯ. ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ತೆರೆದೇ ಇರುತ್ತೆ. ಎಡಗೈಯಲ್ಲಿ ಅದನ್ನ ಮುಚ್ಚಿ ತೆಗೆದು ಮಾಡಿದ ಹಾಗೆ ಸ್ವರ ಬಾಗುತ್ತೆ. (ಗೋವಾದಲ್ಲಿ ಘುಮಟ್ ಅಂತಾರೆ, 2019ರಲ್ಲಿ ಅದನ್ನ ರಾಜ್ಯದ ಪಾರಂಪರಿಕ ವಾದ್ಯ ಅಂತ ಘೋಷಿಸಿದರು.) ಪಕ್ಕದ ಕೇರಿಯ ಅಜ್ಜನೊಬ್ಬರು ಇವನಿಗಾಗಿ ಜಗಲಿಯಲ್ಲಿ ಕೂತು ಅರ್ಧ ಗಂಟೆ ಬಾರಿಸಿದರಂತೆ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡ್ಕೊಂಡ.

ಗೊತ್ತಿಲ್ಲದವರಿಗೆ ಸ್ವಲ್ಪ ಲೆಕ್ಕ. ಅವನ ಟ್ರ್ಯಾಕ್ ನಿಮಿಷಕ್ಕೆ 124 ಬೀಟ್. ಇಂಥ ಟ್ರ್ಯಾಕ್‌ಗಳ ಮೊದಲ 32 ಬಾರ್, ಅಂದ್ರೆ ಹೆಚ್ಚುಕಡಿಮೆ ಒಂದು ನಿಮಿಷ, ಬರೀ ಡ್ರಮ್ ಇರುತ್ತೆ. ಹಿಂದಿನ ಹಾಡಿಗೆ ಇದನ್ನ ಬೆಸೆಯೋಕೆ ಡಿಜೆಗೆ ಆ ಜಾಗ ಬೇಕು. ಆಮೇಲೆ ಇನ್ನೊಂದು 32 ಬಾರ್ ಬೇಸ್. ಗುಮಟೆ ಬರೋದು 64 ಬಾರ್ ಮುಗಿದ ಮೇಲೆ. 2 ನಿಮಿಷ 4 ಸೆಕೆಂಡಿಗೆ.

ಆ ರಾತ್ರಿ ಒಂದು ನಿಮಿಷ ಆಗೋಷ್ಟರಲ್ಲಿ ಮುಂದಿನ ಸಾಲು ಖಾಲಿ. "ಮಗಾ, ಸೌಂಡ್ ಚೆಕ್ ಮುಗೀತಾ?" ಅಂತ ಯಾರೋ ಕೂಗಿದ. ಎಲ್ಲರೂ ನಕ್ಕರು. ನಮಗೆ ಬೆವರು ಬಂತು. 1 ನಿಮಿಷ 40 ಸೆಕೆಂಡಿಗೆ ನಾವು ಅದನ್ನ ಕಟ್ ಮಾಡಿ, ಎಲ್ಲರಿಗೂ ಗೊತ್ತಿರೋ ಸಿನಿಮಾ ಹಾಡು ಹಾಕಿಬಿಟ್ವಿ. ಜನ ಓಡಿ ಬಂದ್ರು. ಸುಳ್ಳು ಯಾಕೆ, ಆ ಕ್ಷಣ ಖುಷಿನೂ ಆಯ್ತು.

ಗುಮಟೆ ಯಾರಿಗೂ ಕೇಳಿಸಲಿಲ್ಲ.

ಆ ವಾರ ನಾವು ಚರಣ್‌ಜಿತ್ ಸಿಂಗ್ ಬಗ್ಗೆ ಓದ್ತಾ ಇದ್ವಿ. ಹಿಂದಿ ಸಿನಿಮಾ ಹಾಡುಗಳಿಗೆ ನುಡಿಸ್ತಿದ್ದ ಮುಂಬೈ ಸಂಗೀತಗಾರ. 1982ರಲ್ಲಿ ರೋಲ್ಯಾಂಡ್ 303, 808 ಯಂತ್ರಗಳಲ್ಲಿ ಹತ್ತು ರಾಗಗಳನ್ನ ಡಿಸ್ಕೋ ಬೀಟ್‌ಗೆ ಕೂಡಿಸಿ ಒಂದು ಎಲ್‌ಪಿ ಮಾಡಿದರು. ಆಗ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಶಿಕಾಗೋದವರು ಅದೇ 303 ಇಟ್ಕೊಂಡು ಆಸಿಡ್ ಹೌಸ್ ಅಂತ ಹೆಸರು ಮಾಡಿದ್ದು 1987ರಲ್ಲಿ. ಇವರ ಎಲ್‌ಪಿ 2010ರಲ್ಲಿ ಮತ್ತೆ ಅಚ್ಚಾದಾಗ ಯುರೋಪಿನವರು ಬೆಚ್ಚಿಬಿದ್ದರು. 28 ವರ್ಷ! ಇದನ್ನ ಓದಿ "ಛೆ, ಎಂಥ ಜನ" ಅಂದ್ಕೊಂಡಿದ್ದ ನಾವೇ 24 ಸೆಕೆಂಡ್ ಕಾಯಲಿಲ್ಲ.

ಮುಂದಿನ ತಿಂಗಳು ಊರಿಗೆ ಹೋದಾಗ ಅವನು ಕೇಳಿದ್ದೇ ವಿಡಿಯೋ. "ಗುಮಟೆ ಬಂದಾಗ ಜನ ಎಂತ ಮಾಡಿದ್ರು?" ಹೇಳಲೇಬೇಕಾಯ್ತು. ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಡ್ಡಿಲ್ಲ ಮಾರಾಯ. ಗುಮಟೆ ಮೊದಲೇ ತರ್ಲಾ ಹಂಗಾರೆ? 20 ಸೆಕೆಂಡಿಗೆ?"

ಅದನ್ನ ಕೇಳಿ ನಮಗೆ ಹೊಟ್ಟೆಯಲ್ಲಿ ಏನೋ ಆಯ್ತು. ನಮ್ಮ ಹೆದರಿಕೆಗೆ ಅವನು ಟ್ರ್ಯಾಕ್ ಬದಲಾಯಿಸೋಕೆ ಹೊರಟಿದ್ದ. ಬೇಡ ಅಂದ್ವಿ. ಲೈಟ್ ಆರಿಸಿ, ಹೈವೇ ಲಾರಿಗಳ ಸದ್ದು ಬಾರದ ಹಾಗೆ ಕಿಟಕಿ ಮುಚ್ಚಿ, ಮೊದಲಿಂದ ಕೊನೆತನಕ 6 ನಿಮಿಷ 40 ಸೆಕೆಂಡ್ ಕೇಳಿದ್ವಿ. ನಿಜ ಹೇಳ್ಬೇಕಂದ್ರೆ, ಪೂರ್ತಿ ಕೇಳಿದ್ದು ನಾವೂ ಅದೇ ಮೊದಲು. ಅದಕ್ಕೂ ಮುಂಚೆ ವಾಟ್ಸಾಪ್‌ನಲ್ಲಿ "ಸೂಪರ್ ಮಗಾ" ಅಂತ ಕಳಿಸಿದ್ವಿ, ಬೆಂಕಿ ಇಮೋಜಿ ಜೊತೆ.

ಕೇಳಿದ ಮೇಲೆ ಹೇಳೋಕೆ ಏನಾದ್ರೂ ಸಿಕ್ತು. ನಾಲ್ಕನೇ ನಿಮಿಷದ ಹತ್ತಿರ ಕಿಕ್, ಗುಮಟೆ ಎರಡೂ ಒಂದೇ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಗುದ್ದಾಡ್ತಿದ್ವು. ಎಲ್ಲ ಕಲಸಿ ಗಂಜಿ. ಸಿಗ್ನಲ್ಸ್ ಪೇಪರ್‌ನಲ್ಲಿ ಕಲಿತಿದ್ದು ಒಂದು ಸಲವಾದ್ರೂ ಉಪಯೋಗಕ್ಕೆ ಬಂತು. ಅವನು ನಮ್ಮನ್ನೇ ನೋಡ್ತಾ, "ಇದನ್ನ ಇಷ್ಟು ದಿನ ಒಬ್ಬರೂ ಹೇಳ್ಲಿಲ್ಲ ಮಾರಾಯ" ಅಂದ. ಸಿಟ್ಟೋ ಸಂತೋಷವೋ ಗೊತ್ತಾಗಲಿಲ್ಲ. ಕೂಡಲೇ ಕೂತು ಕಿಕ್‌ನ ಕೆಳಭಾಗ ಕತ್ತರಿಸೋಕೆ ಶುರು ಮಾಡಿದ. ನಮಗೆ ಕೊನೇ ಬಸ್ ತಪ್ಪಿತು.

ಹೊಸ ಫೈಲ್ ಮೊನ್ನೆ ಬಂತು. ಗುಮಟೆ ಈಗಲೂ 2 ನಿಮಿಷ 4 ಸೆಕೆಂಡಿಗೇ ಬರುತ್ತೆ. ಶನಿವಾರ ಸಂಜೆ ನಮ್ಮ ರೂಮಿನಲ್ಲಿ ಹಾಕ್ತೀವಿ, ಸ್ಪೀಕರ್ ಬಾಡಿಗೆ ಕೊಟ್ಟಾಗಿದೆ. ಬನ್ನಿ. ಮೊದಲ ನಿಮಿಷದಲ್ಲಿ ಸೌಂಡ್ ಚೆಕ್ ಅನ್ನಿಸಿದರೂ ಎದ್ದು ಹೋಗ್ಬೇಡಿ. ಈ ಸಲ ಬಾಗಿಲ ಹತ್ತಿರ ನಾವೇ ಕೂತಿರ್ತೀವಿ.